ಕೆರೆಯ ಪಾಲು: ಚಿಕ್ಕಬಳ್ಳಾಪುರ ಸೀಮೆಯ ಜಲಸಂಪತ್ತು ಮತ್ತು ಸ್ಥಳೀಯರ ಹಕ್ಕು

ಪೀಠಿಕೆ

ಒಂದು ನಾಡಿನ ನಿಸರ್ಗ ಸಂಪತ್ತು ಆ ನಾಡಿನ ಜನರಿಗೆ ದಕ್ಕಬೇಕು ಎಂಬುದು ಕೇಳಲು ಸರಳವಾದ ಮಾತು. ಆದರೆ ‘ಆ ನಾಡಿನ ಜನ’ ಯಾರು, ‘ದಕ್ಕುವುದು’ ಎಂದರೇನು, ದಕ್ಕಿಸಿಕೊಡುವ ಹೊಣೆ ಯಾರದು ಎಂಬ ಪ್ರಶ್ನೆಗಳು ಎದುರಾದಾಗ ಆ ಸರಳತೆ ಉಳಿಯುವುದಿಲ್ಲ. ಚಿನ್ನ, ಕಬ್ಬಿಣದ ಅದಿರು, ಕಾಡು ಮುಂತಾದವುಗಳ ಸಂದರ್ಭದಲ್ಲಿ ಈ ಪ್ರಶ್ನೆಗಳು ಸಾಕಷ್ಟು ಚರ್ಚೆಯಾಗಿವೆ. ಬಯಲುಸೀಮೆಯಲ್ಲಿ ಇವೆಲ್ಲವುಗಳಿಗಿಂತ ಹಿರಿದಾದ ಸಂಪತ್ತು ನೀರು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಕೆರೆಗಳ ಚರಿತ್ರೆಯು ನೀರನ್ನು ಹಂಚಿಕೊಂಡ, ಹಂಚಿಕೆಯ ಅಧಿಕಾರವನ್ನು ಕಳೆದುಕೊಂಡ ಹಾಗೂ ಅದನ್ನು ಮರಳಿ ಕೇಳುತ್ತಿರುವ ಜನಸಮುದಾಯದ ಚರಿತ್ರೆಯೂ ಆಗಿದೆ. ಶಾಸನ, ಆಡಳಿತ ದಾಖಲೆ ಮತ್ತು ಜನಪದ ಆಚರಣೆ ಎಂಬ ಮೂರು ಆಕರಗಳ ನೆಲೆಯಿಂದ ಈ ಚರಿತ್ರೆಯನ್ನು ಅವಲೋಕಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನದಿಗಳ ತವರು, ನೀರಿಲ್ಲದ ನಾಡು

ನಂದಿ ಬೆಟ್ಟಗಳ ಶ್ರೇಣಿಯು ದಕ್ಷಿಣ ಭಾರತದ ಹಲವು ನದಿಗಳಿಗೆ ಜನ್ಮಸ್ಥಾನ. ಇಲ್ಲಿ ಹುಟ್ಟುವ ಉತ್ತರ ಪಿನಾಕಿನಿಯು ಗೌರಿಬಿದನೂರಿನ ಮೂಲಕ ಸಾಗಿ ಆಂಧ್ರಪ್ರದೇಶವನ್ನು ಸೇರುತ್ತದೆ. ದಕ್ಷಿಣ ಪಿನಾಕಿನಿಯು ತಮಿಳುನಾಡಿಗೆ ಹರಿಯುತ್ತದೆ. ಅರ್ಕಾವತಿಯ ಉಗಮವೂ ಇಲ್ಲಿಯೇ. ಚಿಕ್ಕಬಳ್ಳಾಪುರದ ಉತ್ತರದ ಬೆಟ್ಟಸಾಲಿನಿಂದ ಚಿತ್ರಾವತಿ, ಶಿಡ್ಲಘಟ್ಟದ ಕಡೆಯಿಂದ ಪಾಪಾಗ್ನಿ, ಚಿಂತಾಮಣಿಯ ಕಡೆಯಿಂದ ಪಾಲಾರ್ ಹೊರಡುತ್ತವೆ. ಇಷ್ಟು ನದಿಗಳ ತವರಾಗಿದ್ದರೂ ಈ ಸೀಮೆಗೆ ತನ್ನದೆನ್ನುವ ಜೀವನದಿ ಒಂದೂ ಇಲ್ಲ. ವರ್ಷಕ್ಕೆ ಸರಾಸರಿ 700 ಮಿಲಿಮೀಟರ್ ಆಸುಪಾಸಿನಲ್ಲಿ ಬೀಳುವ ಮಳೆಯೇ ಎಲ್ಲಕ್ಕೂ ಮೂಲ. ಅದೂ ಕೆಲವೇ ದಿನಗಳಲ್ಲಿ ಸುರಿದು ಇಳಿಜಾರಿನಲ್ಲಿ ಹರಿದುಹೋಗುವಂಥದು.

ಹರಿದುಹೋಗುವ ನೀರನ್ನು ತಡೆದು ನಿಲ್ಲಿಸುವ ಅನಿವಾರ್ಯವೇ ಇಲ್ಲಿಯ ಕೆರೆಗಳನ್ನು ಸೃಷ್ಟಿಸಿತು. ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಇಳಿಯುವಂತೆ ಸರಪಣಿಯಾಗಿ ಕಟ್ಟಿದ ಕೆರೆಗಳಿಂದ ಅವಿಭಜಿತ ಕೋಲಾರ ಜಿಲ್ಲೆಯು ಕರ್ನಾಟಕದಲ್ಲಿ ಅತಿ ಹೆಚ್ಚು ಕೆರೆಗಳಿರುವ ಪ್ರದೇಶಗಳಲ್ಲೊಂದೆಂದು ಹೆಸರಾಯಿತು. 2007ರಲ್ಲಿ ಈ ಜಿಲ್ಲೆಯ ಉತ್ತರ ಭಾಗವು ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಊರಿನ ಹೆಸರುಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಕುಂಟೆ, ಕಟ್ಟೆ, ಮಡುಗು, ಸಮುದ್ರ ಎಂಬ ಪದಗಳೂ, ‘ಸಮುದ್ರ’ವು ಜನರ ಬಾಯಲ್ಲಿ ಸವೆದು ಆದ ‘ಸಂದ್ರ’ವೂ ಊರಿಗಿಂತ ಮೊದಲು ನೀರನ್ನು ನೆನೆದ ಜನರ ಮನಸ್ಸನ್ನು ತೋರಿಸುತ್ತವೆ. ಕನ್ನಡ–ತೆಲುಗು ಎರಡೂ ಬೆರೆತ ಈ ಗಡಿಸೀಮೆಯಲ್ಲಿ ಒಂದೇ ಜಲಾಶಯವು ಒಬ್ಬರಿಗೆ ಕೆರೆ, ಇನ್ನೊಬ್ಬರಿಗೆ ಚೆರುವು. ನೀರು ಬಿಡುವ ಕಂಡಿಯು ಒಬ್ಬರಿಗೆ ತೂಬು, ಇನ್ನೊಬ್ಬರಿಗೆ ತೂಮು. ಹೆಸರು ಎರಡಾದರೂ ಹಂಚಿಕೆಯ ಕಟ್ಟಳೆ ಒಂದೇ ಆಗಿತ್ತು.

ಶಾಸನಗಳಲ್ಲಿ ಕೆರೆಯ ಪಾಲು

ಬಿ. ಎಲ್. ರೈಸ್ ಅವರು ಸಂಪಾದಿಸಿ 1905ರಲ್ಲಿ ಪ್ರಕಟವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಯ ಶಾಸನಗಳಿಗೆ ಮೀಸಲಾದುದು. ಅದರಲ್ಲಿ ಕೆರೆಗೆ ಸಂಬಂಧಿಸಿದ ದಾನಗಳು ಹೇರಳವಾಗಿವೆ. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಪಾರಿಭಾಷಿಕ ಪದಗಳು ಇವುಗಳಲ್ಲಿ ಎದುರಾಗುತ್ತವೆ. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ದುರಸ್ತಿ ಮಾಡಿಸಿದವನಿಗೆ ಆ ಕೆರೆಯ ಕೆಳಗಿನ ಗದ್ದೆಯಲ್ಲಿ ಒಂದು ಭಾಗವನ್ನು ಕರವಿಲ್ಲದೆ ಅಥವಾ ಕಡಿಮೆ ಕರಕ್ಕೆ ಬಿಟ್ಟುಕೊಡುವುದು ಈ ದಾನಗಳ ತಿರುಳು. ದಶವಂದವೆಂಬ ಪದವೇ ಹತ್ತರಲ್ಲೊಂದು ಪಾಲನ್ನು ಸೂಚಿಸುತ್ತದೆ.

ಈ ವ್ಯವಸ್ಥೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕೆರೆಯ ರಕ್ಷಣೆಗೆ ಬೇಕಾದ ಸಂಪನ್ಮೂಲವು ದೂರದ ಬೊಕ್ಕಸದಿಂದ ಬರುತ್ತಿರಲಿಲ್ಲ. ಆ ಕೆರೆಯಿಂದಲೇ ಹುಟ್ಟುತ್ತಿತ್ತು. ಕೆರೆ ಒಡೆದರೆ ಕೊಡಗೆಯ ಗದ್ದೆಯೂ ಒಣಗುತ್ತಿತ್ತು. ಆದ್ದರಿಂದ ಲಾಭ ಪಡೆಯುವವನೇ ಹೊಣೆ ಹೊರಬೇಕಾಗಿತ್ತು. ಲಾಭವನ್ನೂ ಹೊಣೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಈ ಏರ್ಪಾಡು ಕೆರೆಗಳು ಶತಮಾನಗಳ ಕಾಲ ಬಾಳಲು ಮುಖ್ಯ ಕಾರಣವಾಯಿತು.

ಹಾಗೆಂದು ಎಲ್ಲ ನೀರೂ ಸ್ಥಳೀಯರಿಗೇ ಉಳಿಯಿತೆಂದಲ್ಲ. 1388ರ ಗೌರಿಬಿದನೂರು ತಾಲ್ಲೂಕಿನ ಶಾಸನವೊಂದು ವಿಜಯನಗರದ ಅರಸುಮನೆತನದವರು ಪೆನುಗೊಂಡೆಯಲ್ಲಿ ಆಳುತ್ತಿದ್ದಾಗ, ಜಲಸೂತ್ರವನ್ನು ಬಲ್ಲ ಸಿಂಗಯ್ಯಭಟ್ಟನಿಗೆ ಹೆನ್ನೆ ನದಿಯನ್ನು ಪೆನುಗೊಂಡೆಗೆ ತರುವಂತೆ ಆಜ್ಞಾಪಿಸಿದ್ದನ್ನೂ, ಆತನು ಸಿರುವೆರದ ಕೆರೆಗೆ ಕಾಲುವೆ ತೆಗೆದು ಅದಕ್ಕೆ ಪ್ರತಾಪ ಬುಕ್ಕರಾಯನ ಹೆಸರಿಟ್ಟದ್ದನ್ನೂ ತಿಳಿಸುತ್ತದೆ. ಹೆನ್ನೆ ಎಂದರೆ ಉತ್ತರ ಪಿನಾಕಿನಿ. ಈ ಶಾಸನವನ್ನು ಸಾಮಾನ್ಯವಾಗಿ ಮಧ್ಯಕಾಲೀನ ಜಲತಂತ್ರಜ್ಞಾನದ ಹಿರಿಮೆಗೆ ಸಾಕ್ಷಿಯಾಗಿ ಉಲ್ಲೇಖಿಸಲಾಗುತ್ತದೆ. ಹುಟ್ಟಿದ ನೆಲದ ನೀರು ರಾಜಧಾನಿಯ ಅಗತ್ಯಕ್ಕೆ ಹೊರಟ ಪ್ರಾಚೀನ ದಾಖಲೆಯೆಂದೂ ಅದನ್ನು ಓದಲು ಸಾಧ್ಯವಿದೆ. ಮೇಲಿನವರ ಮತ್ತು ಕೆಳಗಿನವರ, ಊರಿನ ಮತ್ತು ಪಟ್ಟಣದ ನಡುವಿನ ನೀರಿನ ಪ್ರಶ್ನೆ ಈ ಸೀಮೆಗೆ ಹೊಸದಲ್ಲ.

ನೀರುಗಂಟಿ ಮತ್ತು ದಾಮಾಷ

ಶಾಸನವು ಕೆರೆ ಕಟ್ಟಿಸಿದವನ ಹೆಸರನ್ನು ಉಳಿಸುತ್ತದೆ. ಕೆರೆಯನ್ನು ದಿನದಿನವೂ ನಡೆಸಿದವನನ್ನು ಜನಪದ ಸ್ಮೃತಿಯಲ್ಲಿ ಹುಡುಕಬೇಕಾಗುತ್ತದೆ. ಆತನೇ ನೀರುಗಂಟಿ. ತೂಬನ್ನು ತೆರೆಯುವುದು ಮತ್ತು ಮುಚ್ಚುವುದು, ಕಾಲುವೆಯ ಹೂಳನ್ನು ತೆಗೆಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನಿರ್ಧರಿಸಿ ಹಾಯಿಸುವುದು, ಮಳೆಗಾಲದ ರಾತ್ರಿಗಳಲ್ಲಿ ಏರಿಯ ಮೇಲೆ ಕಾವಲಿದ್ದು ಬಿರುಕು ಕಂಡರೆ ಊರನ್ನು ಎಚ್ಚರಿಸುವುದು ಅವನ ಕೆಲಸ. ತಳವಾರ, ತೋಟಿಯರಂತೆ ಅವನೂ ಗ್ರಾಮದ ಆಯಗಾರರಲ್ಲೊಬ್ಬ. ಸುಗ್ಗಿಯಲ್ಲಿ ಕಣದ ಬಳಿ ಪ್ರತಿ ರೈತನೂ ಅಳೆದುಕೊಡುವ ಧಾನ್ಯವೂ, ಕೆರೆಯ ಕೆಳಗಿನ ತುಂಡು ಇನಾಮು ಭೂಮಿಯೂ ಅವನ ಸಂಬಳವಾಗಿದ್ದವು.

ಬಹುತೇಕ ಊರುಗಳಲ್ಲಿ ನೀರುಗಂಟಿಗಳು ದಲಿತ ಸಮುದಾಯಕ್ಕೆ ಸೇರಿದವರು. ಗದ್ದೆಯ ಒಡೆತನ ಇಲ್ಲದವನ ಅಥವಾ ಅತ್ಯಲ್ಪವಾಗಿದ್ದವನ ಕೈಯಲ್ಲಿ ಹಂಚಿಕೆಯ ಕೆಲಸವಿರುವುದು ಪಕ್ಷಪಾತವನ್ನು ತಡೆಯುತ್ತಿತ್ತು ಎಂಬ ವ್ಯಾಖ್ಯಾನವಿದೆ. ಇದರಲ್ಲಿ ಸತ್ಯಾಂಶವಿದ್ದರೂ ಅದರ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. ಊರಿಗೆಲ್ಲ ನೀರು ಹಂಚುತ್ತಿದ್ದವನಿಗೆ ಅದೇ ಊರಿನ ಬಾವಿಯನ್ನು ಮುಟ್ಟುವ ಹಕ್ಕಿರಲಿಲ್ಲ. ಕೆರೆಯ ಕಟ್ಟಳೆ ಸುವ್ಯವಸ್ಥಿತವಾಗಿತ್ತು, ಸಮಾನವಾಗಿರಲಿಲ್ಲ.

ಈ ಕಟ್ಟಳೆಯ ವಿವೇಕ ಎದ್ದು ಕಾಣುವುದು ಬರಗಾಲದಲ್ಲಿ. ಕೆರೆ ತುಂಬದ ವರ್ಷ ಅಚ್ಚುಕಟ್ಟಿನ ಪೂರ್ತಿ ಗದ್ದೆಗೆ ನೀರು ಸಾಲದು. ಆಗ ತೂಬಿನ ಬಳಿಯ ಗದ್ದೆಯವರು ಮಾತ್ರ ಬೆಳೆದುಕೊಂಡು ದೂರದವರು ಬೀಳು ಬಿಡುವಂತಾಗಬಾರದು. ಇದಕ್ಕಾಗಿ ಕೋಲಾರ ಸೀಮೆಯಲ್ಲಿ ದಾಮಾಷವೆಂಬ ಪದ್ಧತಿ ಬಳಕೆಯಲ್ಲಿತ್ತು. ಊರಿನ ಹಿರಿಯರು ಕೂಡಿ ಇರುವ ನೀರಿಗೆ ಎಷ್ಟು ನೆಲ ಬೆಳೆಯಬಹುದೆಂದು ಅಂದಾಜು ಮಾಡುತ್ತಿದ್ದರು. ತೂಬಿಗೆ ಹತ್ತಿರವಾದ ಅಷ್ಟು ನೆಲವನ್ನು ಆ ವರ್ಷದ ಮಟ್ಟಿಗೆ ಎಲ್ಲ ಅಚ್ಚುಕಟ್ಟುದಾರರಿಗೂ ಅವರವರ ಹಿಡುವಳಿಯ ಪ್ರಮಾಣಕ್ಕೆ ಅನುಗುಣವಾಗಿ ಹಂಚುತ್ತಿದ್ದರು. ಹತ್ತಿರದ ಗದ್ದೆಯವನು ತನ್ನ ನೆಲದ ಒಂದು ಭಾಗವನ್ನು ದೂರದ ಗದ್ದೆಯವನ ಉಳುಮೆಗೆ ಆ ಬೆಳೆಗೆ ಮಾತ್ರ ಬಿಟ್ಟುಕೊಡಬೇಕಾಗಿತ್ತು. ಒಡೆತನಕ್ಕಿಂತ ನೀರಿನ ಪಾಲೇ ಮುಖ್ಯವಾಗುವ ಈ ಕ್ರಮದಲ್ಲಿ ಕೊರತೆಯನ್ನೂ ಹಂಚಿಕೊಳ್ಳಬೇಕೆಂಬ ತತ್ತ್ವವಿದೆ. ಆದರೂ ಹಿಡುವಳಿ ಇಲ್ಲದವನಿಗೆ ದಾಮಾಷದಲ್ಲಿ ಪಾಲಿರಲಿಲ್ಲ. ಅವನಿಗೆ ದಕ್ಕುತ್ತಿದ್ದುದು ಕೆರೆಯ ಮೀನು, ಅಂಗಳದ ಹುಲ್ಲು, ಜೊಂಡು, ಮಡಕೆಯ ಮಣ್ಣು, ಅಗಸರ ಬಂಡೆ, ದನದ ಕುಡಿನೀರು ಮುಂತಾದ ಚಿಕ್ಕಪುಟ್ಟ ಹಕ್ಕುಗಳು. ದಾಖಲೆಗಳಲ್ಲಿ ಅಷ್ಟಾಗಿ ಕಾಣದ ಈ ಹಕ್ಕುಗಳೇ ಊರಿನ ಅರ್ಧಕ್ಕೂ ಹೆಚ್ಚು ಜನರ ಜೀವನಾಧಾರಕ್ಕೆ ಒದಗುತ್ತಿದ್ದವು.

ಐತಿಹ್ಯ ಮತ್ತು ಆಚರಣೆ

ಶಿಡ್ಲಘಟ್ಟ ಪಟ್ಟಣಕ್ಕೆ ಅಮ್ಮನ ಕೆರೆ ಮತ್ತು ಗೌಡನ ಕೆರೆ ಎಂಬ ಎರಡು ಕೆರೆಗಳಿವೆ. ಪಟ್ಟಣವನ್ನು ಕಟ್ಟಿದ ಪಾಳೆಯಗಾರ ಶಿವನೇಗೌಡ ಮತ್ತು ಅಲಸೂರಮ್ಮನ ಹೆಸರಿನೊಂದಿಗೆ ಇವುಗಳನ್ನು ಸ್ಥಳೀಯ ಐತಿಹ್ಯವು ಜೋಡಿಸುತ್ತದೆ. ಅರಸನು ಊರನ್ನು ಕಟ್ಟಿದರೆ ಸಾಲದು, ಕೆರೆಯನ್ನೂ ಕಟ್ಟಬೇಕು ಎಂಬ ಜನರ ನಿರೀಕ್ಷೆ ಇಂತಹ ಐತಿಹ್ಯಗಳ ಹಿಂದಿದೆ. ಆಳುವವನ ಹಕ್ಕುದಾರಿಕೆಯನ್ನು ಜನ ಅಳೆದದ್ದು ಕೆರೆಯಿಂದ.

ಕೆರೆಯ ಏರಿಯ ಮೇಲೆ ಅಥವಾ ತೂಬಿನ ಬಳಿ ಗಂಗಮ್ಮನ, ಏಳು ಮಂದಿ ಅಕ್ಕತಂಗಿಯರ ಕಲ್ಲುಗಳಿರುತ್ತವೆ. ಕೆರೆ ತುಂಬಿ ಕೋಡಿ ಬಿದ್ದಾಗ ಗಂಗಮ್ಮನಿಗೆ ಪೂಜೆ ಸಲ್ಲಬೇಕು. ಅದು ಊರೊಟ್ಟಿನ ಪೂಜೆ. ಅದರಲ್ಲಿ ಮಡಿವಾಳ, ಕುಂಬಾರ, ನೀರುಗಂಟಿ, ಬೆಸ್ತ ಮೊದಲಾದವರಿಗೆ ನಿಗದಿಯಾದ ಕೆಲಸವೂ ಪಾಲೂ ಉಂಟು. ಆಚರಣೆಯಲ್ಲಿ ಪಾಲಿರುವವನಿಗೆ ಕೆರೆಯಲ್ಲಿಯೂ ಪಾಲಿದೆ ಎಂಬುದರ ಸಾರ್ವಜನಿಕ ಘೋಷಣೆಯಾಗಿ ಇದನ್ನು ಪರಿಭಾವಿಸಬಹುದು. ಬರೆದಿಟ್ಟ ಹಕ್ಕುಪತ್ರವಿಲ್ಲದ ಸಮಾಜದಲ್ಲಿ ಹಬ್ಬವೇ ಹಕ್ಕುಪತ್ರ.

ಕೆರೆಗಾಗಿ ಬೆಲೆ ತೆತ್ತವರು ಯಾರೆಂಬುದನ್ನೂ ಜನಪದವು ಮರೆತಿಲ್ಲ. ‘ಕೆರೆಗೆ ಹಾರ’ ಕಥನಗೀತೆಯಲ್ಲಿ ಬಲಿಯಾಗುವವಳು ಮನೆಯ ಕಿರಿಯ ಸೊಸೆ ಭಾಗೀರಥಿ. ಊರಿಗೆ ಒಳಿತಾಗಲು ಮಾತಿಲ್ಲದವಳ ತಲೆಯನ್ನು ಆರಿಸುವ ಈ ವಸ್ತುವಿನ ಐತಿಹ್ಯಗಳು ಕನ್ನಡ ನಾಡಿನ ಹಲವೆಡೆ ಹಬ್ಬಿವೆ. ಸಾರ್ವಜನಿಕ ಹಿತದ ಹೆಸರಿನಲ್ಲಿ ಹೊರೆಯನ್ನು ಯಾರ ಮೇಲೆ ಹೊರಿಸಲಾಗುತ್ತದೆ ಎಂಬ ಪ್ರಶ್ನೆಯನ್ನು ಜನಪದ ಕವಿ ಬಹು ಹಿಂದೆಯೇ ಎತ್ತಿದ್ದಾನೆ.

ಆಡಳಿತದ ಕೈಗೆ ಕೆರೆ

1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷ್ ಕಮಿಷನರುಗಳು ವಹಿಸಿಕೊಂಡರು. 1856ರಲ್ಲಿ ಲೋಕೋಪಯೋಗಿ ಇಲಾಖೆ ಸ್ಥಾಪನೆಯಾಯಿತು. ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯವರು 1866ರಲ್ಲಿ ಸಂಸ್ಥಾನದ ಸುಮಾರು ಶೇ. 60ರಷ್ಟು ಭೂಪ್ರದೇಶವು ಕೆರೆಗಳ ಜಾಲಕ್ಕೆ ಒಳಪಟ್ಟಿದೆಯೆಂದೂ, ಹೊಸ ಕೆರೆಗೆ ಸ್ಥಳ ಹುಡುಕುವುದೇ ಕಷ್ಟವೆಂದೂ ಬೆರಗಿನಿಂದ ಬರೆದರು. ಕೆರೆಗಳನ್ನು ಮೆಚ್ಚಿದ ಆಡಳಿತವು ಅವುಗಳನ್ನು ಬಾಳಿಸಿದ ಏರ್ಪಾಡನ್ನು ಉಳಿಸಿಕೊಳ್ಳಲಿಲ್ಲ. ಕೆರೆಯು ಕಂದಾಯದ ಲೆಕ್ಕದ ಬಾಬತ್ತಾಯಿತು. ದೊಡ್ಡ ದುರಸ್ತಿ ಇಲಾಖೆಯದು, ಚಿಕ್ಕ ದುರಸ್ತಿ ಊರಿನವರದು ಎಂಬ ವಿಭಜನೆ ಬಂದಿತು. ತೀರ್ಮಾನ ಮಾಡುವ ಅಧಿಕಾರ ಮೇಲಕ್ಕೆ ಹೋಯಿತು. ಬಿಟ್ಟಿ ದುಡಿಮೆಯ ಹೊರೆ ಕೆಳಗೆ ಉಳಿಯಿತು. ಊರಿನವರನ್ನು ಮತ್ತೆ ಒಳಗೊಳ್ಳುವ ಸಲುವಾಗಿ 1911ರಲ್ಲಿ ಕೆರೆ ಪಂಚಾಯಿತಿ ಕಾನೂನು ಜಾರಿಗೆ ಬಂದರೂ ಹೊಣೆಗೆ ತಕ್ಕ ಅಧಿಕಾರ ಊರಿಗೆ ಮರಳಲಿಲ್ಲ.

ಇದೇ ಅವಧಿಯ ಇನ್ನೊಂದು ಬೆಳವಣಿಗೆಯು ಈ ಸೀಮೆಯ ಮಟ್ಟಿಗೆ ನಿರ್ಣಾಯಕವಾದುದು. 1892ರಲ್ಲಿ ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ ಒಪ್ಪಂದವಾಯಿತು. ಅದರ ಅನುಬಂಧದಲ್ಲಿ ಹೆಸರಿಸಿದ 15 ಮುಖ್ಯ ನದಿಗಳಿಗೆ ಅಡ್ಡಲಾಗಿ ಮದರಾಸಿನ ಪೂರ್ವಾನುಮತಿ ಇಲ್ಲದೆ ಮೈಸೂರು ಹೊಸ ಜಲಾಶಯವನ್ನು ಕಟ್ಟುವಂತಿರಲಿಲ್ಲ. ಕಾವೇರಿಯ ಸಂಬಂಧದಲ್ಲಿ ಈ ಒಪ್ಪಂದ ಪ್ರಸಿದ್ಧವಾಗಿದೆ. ಆದರೆ ಆ ಪಟ್ಟಿಯಲ್ಲಿ ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್, ದಕ್ಷಿಣ ಪಿನಾಕಿನಿ ಎಂಬ ಐದು ನದಿಗಳು ಈ ಸೀಮೆಯವೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಕೆಳಗಿನ ಪ್ರದೇಶದ ರೈತರ ಹಕ್ಕನ್ನು ರಕ್ಷಿಸುವುದು ನ್ಯಾಯವೇ. ಆದರೆ ಮೇಲಿನ ಪ್ರದೇಶದ ರೈತರ ಮಾತನ್ನು ಕೇಳದೆಯೇ ಎರಡು ಸರ್ಕಾರಗಳು ನೀರಿನ ಗಡಿಯನ್ನು ಎಳೆದವು.

ಸ್ವಾತಂತ್ರ್ಯಾನಂತರದ ಪಲ್ಲಟ

1961ರ ಗ್ರಾಮಾಧಿಕಾರ ರದ್ದಿಯಾತಿ ಕಾನೂನು ಪಟೇಲ, ಶಾನುಭೋಗರ ವಂಶಪಾರಂಪರ್ಯ ಹುದ್ದೆಗಳೊಂದಿಗೆ ತೋಟಿ, ತಳವಾರ, ನೀರುಗಂಟಿಗಳ ಹುದ್ದೆಗಳನ್ನೂ ಕೊನೆಗೊಳಿಸಿತು. ಅವರ ಇನಾಮು ಭೂಮಿಯನ್ನು ಅವರಿಗೇ ಮರುಮಂಜೂರು ಮಾಡಲು ಅವಕಾಶ ಕಲ್ಪಿಸಿತು. ಹುಟ್ಟಿನಿಂದ ಅಂಟಿದ ಚಾಕರಿಯಿಂದ ಬಿಡುಗಡೆ ಎಂಬ ದೃಷ್ಟಿಯಿಂದ ಇದು ಮಹತ್ತ್ವದ ಹೆಜ್ಜೆ. ಹೀಗೆ ಮಂಜೂರಾದ ಭೂಮಿ ಅನ್ಯರ ಪಾಲಾಗುವುದನ್ನು ತಡೆಯಲು 1978ರಲ್ಲಿ ಪ್ರತ್ಯೇಕ ಕಾನೂನೇ ಬೇಕಾಯಿತೆಂಬುದು ಆ ಬಿಡುಗಡೆಯ ಮಿತಿಯನ್ನು ಸೂಚಿಸುತ್ತದೆ. ಕೆರೆಯ ದೃಷ್ಟಿಯಿಂದಲಾದರೋ ನೀರುಗಂಟಿಯ ಜಾಗದಲ್ಲಿ ಸಂಬಳ ಪಡೆಯುವ, ಘನತೆಯುಳ್ಳ ಬೇರೊಬ್ಬ ಹೊಣೆಗಾರನನ್ನು ಯಾರೂ ನೇಮಿಸಲಿಲ್ಲ. ಜಾತಿಯ ಕಟ್ಟನ್ನು ಕಳಚುವಾಗ ಕೆಲಸವೂ ಕಳಚಿಬಿತ್ತು. 1965ರ ನೀರಾವರಿ ಕಾನೂನಿನೊಂದಿಗೆ ಕೆರೆಯು ಇನ್ನಷ್ಟು ಸ್ಪಷ್ಟವಾಗಿ ಸರ್ಕಾರದ್ದಾಯಿತು. ಎಲ್ಲರದಾಗಿದ್ದುದು ಸರ್ಕಾರದ್ದಾದಾಗ ಜನರ ಎಣಿಕೆಯಲ್ಲಿ ಅದು ಯಾರದೂ ಅಲ್ಲದ್ದಾಯಿತು.

ಆನಂತರ ಬಂದದ್ದು ಕೊಳವೆಬಾವಿ. ಕೆರೆಯ ನೀರಿಗೆ ಊರಿನ ಒಪ್ಪಿಗೆ ಬೇಕು. ಕೊಳವೆಬಾವಿಗೆ ಬೇಕಾದುದು ಬಂಡವಾಳ. ಶಿಡ್ಲಘಟ್ಟ, ಚಿಂತಾಮಣಿಗಳ ಹಿಪ್ಪುನೇರಳೆ ತೋಟಗಳು, ರೇಷ್ಮೆಗೂಡಿನ ಮಾರುಕಟ್ಟೆ, ಚಿಕ್ಕಬಳ್ಳಾಪುರದ ದ್ರಾಕ್ಷಿ, ತರಕಾರಿ, ಹೂವು ಇವೆಲ್ಲ ಅಂತರ್ಜಲದ ಕೊಡುಗೆಗಳು. ಸಣ್ಣ ಹಿಡುವಳಿದಾರರ ಕೈಯಲ್ಲೂ ಹಣ ಓಡಾಡುವಂತೆ ಮಾಡಿದ ಈ ಬೆಳೆಗಳನ್ನು ಹೀಗಳೆಯುವಂತಿಲ್ಲ. ಆದರೆ ಒಬ್ಬನ ಬಾವಿ ಆಳವಾದಂತೆ ಪಕ್ಕದವನ ಬಾವಿ ಬತ್ತಿತು. ಕೊರೆತವು ಸಾವಿರ ಅಡಿಯನ್ನೂ ಮೀರಿತು. ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡ್ ಬಂದಿತು. ಸಾಲ ಮಾಡಿ ಕೊರೆಸಿದ ಬಾವಿ ವಿಫಲವಾದಾಗ ನಷ್ಟವನ್ನು ಹಂಚಿಕೊಳ್ಳಲು ದಾಮಾಷದಂತಹ ಕಟ್ಟಳೆ ಇರಲಿಲ್ಲ. ಇತ್ತ ಕೆರೆಯ ಅಂಗಳ ಜಾಲಿಯಿಂದ, ಕೆರೆಗೆ ನೀರು ತರುವ ಗುಡ್ಡಗಳು ನೀಲಗಿರಿಯಿಂದ ತುಂಬಿದವು, ರಾಜಕಾಲುವೆಗಳು ಒತ್ತುವರಿಯಾದವು. ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ.

ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಆರಂಭವಾದ ಸಮುದಾಯ ಆಧಾರಿತ ಕೆರೆ ಅಭಿವೃದ್ಧಿ ಯೋಜನೆಯಲ್ಲಿ ಕೋಲಾರ ಜಿಲ್ಲೆಯೂ ಸೇರಿತ್ತು. ಕೆರೆ ಬಳಕೆದಾರರ ಸಂಘಗಳು ರಚನೆಯಾದವು. ಭೂಹೀನರನ್ನೂ ಮಹಿಳೆಯರನ್ನೂ ಸದಸ್ಯರನ್ನಾಗಿ ಮಾಡಿಕೊಳ್ಳುವ ನಿಯಮವನ್ನು ತರಲಾಯಿತು. ಹಳೆಯ ಕಟ್ಟಳೆಯಲ್ಲಿ ಇಲ್ಲದಿದ್ದ ಈ ಅಂಶವು ತಾತ್ತ್ವಿಕವಾಗಿ ಮುಂದುವರಿದ ಹೆಜ್ಜೆಯೇ. ಆದರೆ ಹೂಳು ತೆಗೆದ ಕೆರೆಗೆ ನೀರು ಬಾರದಿದ್ದಲ್ಲಿ ಸಂಘಕ್ಕೆ ಮಾಡಲು ಕೆಲಸವಿಲ್ಲ. ಬಹಳಷ್ಟು ಸಂಘಗಳು ಯೋಜನೆ ಮುಗಿದೊಡನೆ ಮೌನವಾದವು.

ಹೊರಗಿನ ನೀರು

ಕೋಲಾರ–ಚಿಕ್ಕಬಳ್ಳಾಪುರ ಜಿಲ್ಲೆಗಳ ಜನರು ಶಾಶ್ವತ ನೀರಾವರಿಗಾಗಿ ನಡೆಸಿದ ದೀರ್ಘ ಹೋರಾಟವು ಈ ಹಿನ್ನೆಲೆಯಲ್ಲಿ ಹುಟ್ಟಿದ್ದು. ನೀರಾವರಿ ತಜ್ಞ ಜಿ. ಎಸ್. ಪರಮಶಿವಯ್ಯನವರ ವರದಿಯ ಅನುಷ್ಠಾನ ಅದರ ಮುಖ್ಯ ಬೇಡಿಕೆಗಳಲ್ಲೊಂದು. 2016ರ ಮಾರ್ಚ್‌ನಲ್ಲಿ ರೈತರು ಟ್ರ್ಯಾಕ್ಟರುಗಳೊಡನೆ ಬೆಂಗಳೂರಿನತ್ತ ಹೊರಟದ್ದು ಈ ಹೋರಾಟದ ತೀವ್ರತೆಯನ್ನು ರಾಜಧಾನಿಗೆ ಮುಟ್ಟಿಸಿತು. ಎತ್ತಿನಹೊಳೆ ಯೋಜನೆಗೆ 2014ರ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆಯಾಯಿತು. ಪಶ್ಚಿಮಘಟ್ಟದ 24.01 ಟಿಎಂಸಿ ನೀರನ್ನು ಏಳು ಜಿಲ್ಲೆಗಳಿಗೆ ತರುವ ಈ ಯೋಜನೆಯು ಅದರಲ್ಲಿ ಸುಮಾರು 14 ಟಿಎಂಸಿಯನ್ನು ಕುಡಿಯಲೂ, ಉಳಿದುದನ್ನು 527 ಕೆರೆಗಳನ್ನು ತುಂಬಿಸಲೂ ಮೀಸಲಿಟ್ಟಿತು. ಮೊದಲ ಹಂತ ಉದ್ಘಾಟನೆಯಾದುದು 2024ರ ಸೆಪ್ಟೆಂಬರ್‌ನಲ್ಲಿ. ಇತ್ತ ಬರದ ನಾಡು ಈ ನೀರಿಗೆ ಕಾಯುತ್ತಿದ್ದರೆ, ಅತ್ತ ಸಕಲೇಶಪುರದ ಹಾಗೂ ನೇತ್ರಾವತಿ ಕಣಿವೆಯ ಜನರು ತಮ್ಮ ಕಾಡು ಮತ್ತು ನದಿಗೆ ಒದಗುವ ಹಾನಿಯನ್ನು ಮುಂದಿಟ್ಟು ವಿರೋಧಿಸಿದರು. ಪೆನುಗೊಂಡೆಗೆ ಹೆನ್ನೆಯನ್ನು ಕಳಿಸಿದ ಸೀಮೆಯೇ ಈಗ ಇನ್ನೊಬ್ಬರ ನದಿಯತ್ತ ಕೈಚಾಚುವಂತಾಯಿತು.

ಇದರ ನಡುವೆ ಕೆರೆಗಳಿಗೆ ಬಂದದ್ದು ಬೆಂಗಳೂರಿನ ಸಂಸ್ಕರಿತ ಕೊಳಚೆನೀರು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು 2018ರಲ್ಲಿ ಕೋಲಾರದ ಕೆರೆಗಳಿಗೆ ಹರಿಯಿತು. ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯು ದಿನಕ್ಕೆ 21 ಕೋಟಿ ಲೀಟರ್ ನೀರಿನಿಂದ ಚಿಕ್ಕಬಳ್ಳಾಪುರ ಮತ್ತು ಬೆಂಗಳೂರು ಗ್ರಾಮಾಂತರ ಭಾಗದ 65 ಕೆರೆಗಳನ್ನು ತುಂಬಿಸುವ ಗುರಿ ಹೊಂದಿತ್ತು. ಚಿಕ್ಕಬಳ್ಳಾಪುರ ಪಟ್ಟಣದ ಬಳಿಯ ಕಂದವಾರ ಕೆರೆಗೂ ಈ ನೀರು ಬಂದಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕು ಎಂಬುದು ಹೋರಾಟಗಾರರ ನಿರಂತರ ಬೇಡಿಕೆ. ಬತ್ತಿದ ಬಾವಿಗಳಲ್ಲಿ ನೀರು ಕಂಡ ರೈತರ ಸಂತೋಷವೂ ನಿಜ. ಆ ನೀರು ನೆಲದೊಳಗೆ ಏನನ್ನು ಒಯ್ಯುತ್ತದೆ ಎಂಬ ಆತಂಕವೂ ನಿಜ. ತರಕಾರಿ, ಹಾಲು, ಹೂವುಗಳನ್ನು ನಗರಕ್ಕೆ ಕಳಿಸುವ ಸೀಮೆಗೆ ನಗರವು ತಾನು ಬಳಸಿ ಬಿಟ್ಟ ನೀರನ್ನು ಕಳಿಸುವುದು ಕೊಡುಕೊಳುವಿಕೆಯೋ ಅಥವಾ ಅಸಮಾನತೆಯ ಹೊಸ ರೂಪವೋ ಎಂಬುದು ಶುದ್ಧೀಕರಣದ ಗುಣಮಟ್ಟವನ್ನು ಅವಲಂಬಿಸಿದೆ.

ಊರಿನ ಮತ್ತು ಪಟ್ಟಣದ ಈ ತಿಕ್ಕಾಟ ತಾಲ್ಲೂಕಿನ ಒಳಗೂ ಇದೆ. ಗೌರಿಬಿದನೂರು ತಾಲ್ಲೂಕಿನ ವಾಟದಹೊಸಹಳ್ಳಿ ಕೆರೆಯ ನೀರನ್ನು ಗೌರಿಬಿದನೂರು ನಗರದ ಕುಡಿಯುವ ನೀರಿಗೆ ಒಯ್ಯುವ ಪ್ರಯತ್ನವನ್ನು ಇತ್ತೀಚಿನ ವರ್ಷಗಳಲ್ಲಿ ಅಚ್ಚುಕಟ್ಟಿನ ರೈತರು ವಿರೋಧಿಸಿದ್ದಾರೆ. ಕುಡಿಯುವ ನೀರಿಗೆ ಮೊದಲ ಆದ್ಯತೆ ಎಂಬ ತತ್ತ್ವವನ್ನು ಯಾರೂ ಅಲ್ಲಗಳೆಯಲಾರರು. ಕೆರೆಯನ್ನು ತಲೆಮಾರುಗಳಿಂದ ನಂಬಿದವರ ಒಪ್ಪಿಗೆ ಮತ್ತು ಅವರಿಗೆ ಸಲ್ಲಬೇಕಾದ ಪಾಲನ್ನು ನಿರ್ಧರಿಸುವ ಕ್ರಮ ಯಾವುದು ಎಂಬುದೇ ಉತ್ತರ ಬೇಡುವ ಪ್ರಶ್ನೆ.

ಕಲ್ಲಿನ ಮಾತು

ಕೆರೆ ಕಟ್ಟಿದ ಒಡ್ಡರ, ಅಂದರೆ ಇಂದಿನ ಭೋವಿ ಸಮುದಾಯದ ಉಲ್ಲೇಖವಿಲ್ಲದೆ ಈ ಚರ್ಚೆ ಪೂರ್ಣವಾಗದು. ಮಣ್ಣು ಅಗೆದು ಏರಿ ಹಾಕಿದವರೂ, ಕಲ್ಲು ಸೀಳಿ ತೂಬು ನಿಲ್ಲಿಸಿದವರೂ ಅವರೇ. ಊರಿನ ಬಂಡೆಯಲ್ಲಿ ಕೈಯಿಂದ ಕಲ್ಲು ತೆಗೆದು ಬದುಕುವುದು ಅವರ ರೂಢಿಗತ ವೃತ್ತಿಯಾಗಿತ್ತು. ಬೆಂಗಳೂರು ಬೆಳೆದಂತೆ ಈ ಜಿಲ್ಲೆಯ ಬೆಟ್ಟಗಳು ಗುತ್ತಿಗೆಯ ಗಣಿಗಳಾದವು. ಯಂತ್ರ ಮತ್ತು ಸ್ಫೋಟಕಗಳು ಬಂದವು. ಒಡೆಯನಂತೆ ಬಂಡೆಯನ್ನು ಬಳಸುತ್ತಿದ್ದವನು ಕೂಲಿಯಾದನು. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸ್ಫೋಟದಲ್ಲಿ ಆರು ಮಂದಿ ಸಾವಿಗೀಡಾದರು. ಗಣಿಗಾರಿಕೆಯಿಂದ ಬಾಧಿತರಾದವರ ಹಿತಕ್ಕಾಗಿ ಜಿಲ್ಲಾ ಖನಿಜ ಪ್ರತಿಷ್ಠಾನವನ್ನು ಸ್ಥಾಪಿಸಬೇಕೆಂದು 2015ರ ಗಣಿ ಕಾನೂನಿನ ತಿದ್ದುಪಡಿಯು ವಿಧಿಸಿದೆ. ಒಂದು ಅರ್ಥದಲ್ಲಿ ಇದು ದಶವಂದದ ಆಧುನಿಕ ರೂಪ: ನೆಲದಿಂದ ತೆಗೆದುದರಲ್ಲಿ ಒಂದು ಪಾಲು ಆ ನೆಲದವರಿಗೆ. ವ್ಯತ್ಯಾಸವೆಂದರೆ, ದಶವಂದದ ಪಾಲನ್ನು ಊರು ಕಣ್ಣಾರೆ ಕಾಣುತ್ತಿತ್ತು. ಪ್ರತಿಷ್ಠಾನದ ನಿಧಿಯು ಜಿಲ್ಲಾ ಕಚೇರಿಯ ಕಡತದಲ್ಲಿದೆ.

ಸಮಾರೋಪ

ಮೇಲಿನ ಅವಲೋಕನದಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಲಾಭ ಮತ್ತು ಹೊಣೆ ಒಂದೇ ಕೈಯಲ್ಲಿದ್ದಾಗ ಕೆರೆ ಉಳಿಯಿತು. ಅವು ಬೇರೆಯಾದಾಗ ಅಳಿಯಿತು. ಎರಡನೆಯದಾಗಿ, ಸ್ಥಳೀಯರೆಂಬುದು ಏಕರೂಪದ ಸಮೂಹವಲ್ಲ. ಗದ್ದೆಯವನ ಪಾಲು ದಾಮಾಷದಲ್ಲಿ ಭದ್ರವಾಗಿದ್ದಾಗಲೂ ನೀರುಗಂಟಿಯ, ಒಡ್ಡನ, ಹೆಣ್ಣಿನ ಪಾಲು ಅನ್ಯರ ಮರ್ಜಿಯಲ್ಲಿತ್ತು. ಆದ್ದರಿಂದ ಹಳೆಯ ವ್ಯವಸ್ಥೆಯನ್ನು ಇದ್ದಂತೆಯೇ ಮರಳಿ ತರುವ ಮಾತು ಸಾಧುವಲ್ಲ. ಮೂರನೆಯದಾಗಿ, ಕೊರತೆಯನ್ನು ಹಂಚಿಕೊಳ್ಳುವ ತತ್ತ್ವವು ಆ ವ್ಯವಸ್ಥೆಯ ಅತ್ಯಮೂಲ್ಯ ಅಂಶ. ಇಂದಿನ ಅಂತರ್ಜಲಕ್ಕೆ ಅತ್ಯಗತ್ಯವಾಗಿ ಬೇಕಾದುದೂ ಅದೇ. 2011ರ ಅಂತರ್ಜಲ ಕಾನೂನು ಮತ್ತು 2014ರ ಕೆರೆ ಸಂರಕ್ಷಣಾ ಕಾನೂನು ನಿಯಂತ್ರಣದ ಅಧಿಕಾರವನ್ನು ಪ್ರಾಧಿಕಾರಗಳಿಗೆ ನೀಡಿವೆ. ಹಂಚಿಕೆಯ ಅಧಿಕಾರವನ್ನು ಊರಿಗೆ ನೀಡಿಲ್ಲ.

ಎತ್ತಿನಹೊಳೆಯ ನೀರು ಬಂದರೂ, ನಗರದ ಸಂಸ್ಕರಿತ ನೀರು ಉಳಿದರೂ, ಮಳೆ ಒಲಿದರೂ ಆ ನೀರು ಕೊನೆಗೆ ನಿಲ್ಲಬೇಕಾದುದು ಇದೇ ಕೆರೆಗಳಲ್ಲಿ. ತೂಬಿನ ಬಳಿ ನಿಂತು ಯಾರಿಗೆ ಎಷ್ಟು ಎಂದು ತೀರ್ಮಾನಿಸುವವರು ಯಾರು, ಆ ತೀರ್ಮಾನದಲ್ಲಿ ಭೂಮಿ ಇಲ್ಲದವರ ಮಾತಿಗೆ ಎಡೆಯಿದೆಯೇ ಎಂಬುದು ಇತ್ಯರ್ಥವಾಗದ ಹೊರತು, ತುಂಬಿದ ಕೆರೆಯೂ ಎಲ್ಲರ ಕೆರೆ ಆಗಲಾರದು.